ಬಲಗಡೆಯ ಸೀಟು



ಹೋದ ತಿಂಗಳು ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದ ಕೊನೆಯ ಹಾಡು ಹಾಕಿ ಕುಳಿತಿದ್ದೆ. ಚಿಂಚವಾಡದಿಂದ ಒಬ್ಬ ತಾಯಿಯ ಫೋನು ಬಂತು. "ಮೇಡಂ, ನಿಮ್ಮ ತಮ್ಮ ಪೈಲಟ್ ಅಂತ ಒಮ್ಮೆ ರೇಡಿಯೋದಲ್ಲಿ ಹೇಳಿದ್ರಿ. ನನ್ನ ಮಗ ಹನ್ನೆರಡನೇ ಕ್ಲಾಸು. ಅವನೂ ಅದೇ ಹಠ ಹಿಡಿದಿದ್ದಾನೆ. ಸೇರಿಸಬಹುದಾ? ಮುಗಿದ ಮೇಲೆ ಕೆಲಸ ಗ್ಯಾರಂಟಿನಾ?" ಹಾಡು ಮುಗಿಯಲು ನಲವತ್ತು ಸೆಕೆಂಡು ಇತ್ತು. "ಒಳ್ಳೇದಾಗಲಿ ಅಮ್ಮಾ, ಇನ್ನೊಮ್ಮೆ ಮಾತಾಡೋಣ" ಎಂದು ಫೋನ್ ಇಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಲವತ್ತು ಸೆಕೆಂಡಿನಲ್ಲಿ ಹೇಳುವ ಉತ್ತರವಲ್ಲ ಅದು. ಹಾಗಾಗಿ ಇವತ್ತಿನ ಮಾತು ಆ ತಾಯಿಗೆ. ಉಳಿದವರೂ ಕೇಳಿ.

ಮೊದಲು ಒಂದು ತಿದ್ದುಪಡಿ. ನನ್ನ ತಮ್ಮ ಪೈಲಟ್ ಎಂದು ನಾನು ಹೇಳಿದ್ದು ನಿಜ. ಲೈಸೆನ್ಸ್ ಇದೆ. ಆದರೆ ಆಗ ಅವನಿಗೆ ಕೆಲಸ ಇರಲಿಲ್ಲ. ಅದನ್ನು ನಾನು ಹೇಳಿರಲಿಲ್ಲ.

ತಮ್ಮ ಎಂದರೆ ನನ್ನ ಕಾಕಾನ ಮಗ. ಕಾಕಾ ಹುಬ್ಬಳ್ಳಿಯಲ್ಲಿ ಸಾರಿಗೆ ಬಸ್ಸಿನ ಚಾಲಕರಾಗಿದ್ದವರು. ಮೂವತ್ತು ವರ್ಷ ಸ್ಟೇರಿಂಗು ಹಿಡಿದು ನಿವೃತ್ತರಾದರು. ಆಗ ಬಂದ ದುಡ್ಡು, ಊರ ಹೊರಗಿದ್ದ ಒಂದು ಸೈಟು, ಸಾಲದ್ದಕ್ಕೆ ಮನೆಯ ಮೇಲೆ ಬ್ಯಾಂಕಿನ ಸಾಲ. ಎಲ್ಲ ಸೇರಿ ಐವತ್ತು ಲಕ್ಷದ ಆಸುಪಾಸು ಹುಡುಗನ ಹಾರಾಟಕ್ಕೆ ಹೋಯಿತು. ನಮ್ಮ ಬಳಗದಲ್ಲಿ ಆಗ ಮಾತಾಡದವರಿಲ್ಲ. "ಬಸ್ಸಿನ ಡ್ರೈವರನ ಮಗಾ ವಿಮಾನ ಹೊಡಿತಾನಂತ" ಎಂದವರಲ್ಲಿ ಹೆಮ್ಮೆಯಿಂದ ಎಂದವರು ಅರ್ಧ, ಉಳಿದರ್ಧ ನಿಮಗೇ ಗೊತ್ತು.

ಹುಡುಗ ಕಲಿತದ್ದು ನಮ್ಮ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ. ಪುಣೆಯಿಂದ ಸುಮಾರು ನೂರು ಕಿಲೋಮೀಟರ್. ಲೋಹೆಗಾಂವ್ ನಿಲ್ದಾಣ ವಾಯುಸೇನೆಯದು. ಅಲ್ಲಿ ಯುದ್ಧವಿಮಾನಗಳ ನಡುವೆ ಪ್ರಯಾಣಿಕರ ವಿಮಾನಗಳಿಗೇ ಜಾಗ ಸಾಲದು, ಕಲಿಯುವವರ ಪುಟ್ಟ ವಿಮಾನಕ್ಕೆ ಎಲ್ಲಿಂದ ಬರಬೇಕು? ಬಾರಾಮತಿಗೆ ಇನ್ನೊಂದು ಅನುಕೂಲವಿದೆ. ಅದು ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಮಹಾಬಳೇಶ್ವರದಲ್ಲಿ ಮಳೆ ಸುರಿಯುತ್ತಿರುವಾಗ ಅಲ್ಲಿ ಬಿಸಿಲು ಇರುತ್ತದೆ. ರೈತನಿಗೆ ಅದು ಶಾಪ, ಹಾರುವವನಿಗೆ ವರ. ಆಚೆ ಕಬ್ಬಿನ ಗದ್ದೆ, ಈಚೆ ರನ್‌ವೇ, ಗೇಟಿನ ಬಳಿ ವಡಾಪಾವ್ ಗಾಡಿ. ನಾನು ಹೋದಾಗಲೆಲ್ಲ ಆ ಗಾಡಿಯ ಬಳಿ ಬಿಳಿ ಅಂಗಿ ತೊಟ್ಟ ಹುಡುಗ ಹುಡುಗಿಯರು ನಿಂತಿರುತ್ತಿದ್ದರು. ಕೇರಳದವರು, ದೆಹಲಿಯವರು, ನಾಗಪುರದವರು. ಎಲ್ಲರ ಕಣ್ಣೂ ಆಕಾಶದ ಮೇಲೆ. ಗಾಳಿ ಎಷ್ಟಿದೆ, ಇವತ್ತು ಸರದಿ ಬರುತ್ತದೋ ಇಲ್ಲವೋ.

ಸರದಿ ಎಂದೆನಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ನಮ್ಮ ದೇಶದಲ್ಲಿ 200 ತಾಸು ಹಾರಿರಬೇಕು. ಅದರಲ್ಲಿ 100 ತಾಸು ವಿಮಾನದ ಹೊಣೆ ಪೂರ್ತಿ ತನ್ನದೇ ಆಗಿರಬೇಕು. ಒಂದು ದೊಡ್ಡ ಯಾತ್ರೆ, 300 ನಾಟಿಕಲ್ ಮೈಲು, ಅಂದರೆ ನಮ್ಮ ಲೆಕ್ಕದಲ್ಲಿ 555 ಕಿಲೋಮೀಟರ್, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಬರಬೇಕು. ರಾತ್ರಿ ಹಾರಾಟ ಬೇರೆ, ಮೋಡದೊಳಗೆ ಹೊರಗಿನದೇನೂ ಕಾಣದಂತೆ ಮೀಟರುಗಳನ್ನಷ್ಟೇ ನೋಡಿ ಹಾರುವುದು ಬೇರೆ. ಇವುಗಳ ಜೊತೆಗೆ ಪರೀಕ್ಷೆಗಳು: ಹವಾಮಾನ, ದಿಕ್ಕು-ದಾರಿ, ಕಾಯಿದೆ, ಎಂಜಿನ್ನು. ರೇಡಿಯೋದಲ್ಲಿ ಮಾತಾಡುವುದಕ್ಕೂ ಒಂದು ಪರೀಕ್ಷೆ ಇದೆ ನೋಡಿ. ದಶಕಗಳ ಕಾಲ ಅದನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. 2024ರ ಹೊಸ ಭಾರತೀಯ ವಾಯುಯಾನ ಕಾಯಿದೆಯ ನಂತರ ಅದು ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ ಕೈಗೆ ಬಂತು. ಅವನು ಆ ಪರೀಕ್ಷೆ ಪಾಸಾದಾಗ ನಾನು "ಅಂತೂ ಮನೆಯಲ್ಲಿ ಇನ್ನೊಬ್ಬ ರೇಡಿಯೋದವನು" ಎಂದು ನಕ್ಕಿದ್ದೆ.

200 ತಾಸು ಕೇಳಲು ಸಣ್ಣದು. ದಿನಕ್ಕೆರಡು ತಾಸು ಎಂದರೆ ನೂರು ದಿನ ಎಂದು ಕಾಕಾ ಬೆರಳಲ್ಲಿ ಲೆಕ್ಕ ಹಾಕಿದ್ದರು. ಹಿಡಿದದ್ದು ಎರಡು ವರ್ಷಕ್ಕೂ ಮೇಲೆ. ವಿಮಾನ ರಿಪೇರಿಗೆ ಹೋಯಿತು, ಗಾಳಿ ಅಡ್ಡ ಬೀಸಿತು, ಮಬ್ಬು ಕವಿಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ ಕಲಿಸುವವರು ಇರಲಿಲ್ಲ. ಹುಡುಗರು ಬಹಳ, ಗುರುಗಳು ಕಡಿಮೆ. ಒಬ್ಬ ಬೋಧಕರು ಕೆಲಸ ಬಿಟ್ಟು ಏರ್‌ಲೈನಿಗೆ ಹೋದರೆ ಅವರ ಕೈಕೆಳಗಿನ ಹುಡುಗರ ಹಾರಾಟ ನಿಂತುಬಿಡುವುದು. ಈ ಮಾತನ್ನು ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

2024ರ ಕೊನೆಗೆ ಲೈಸೆನ್ಸ್ ಕೈಗೆ ಬಂತು. ಕಾಕಾ ಹುಬ್ಬಳ್ಳಿಯಿಂದ ಮೂರು ಕಿಲೋ ಧಾರವಾಡ ಪೇಢೆ ಕಳಿಸಿದರು. ಗಣೇಶನಗರದ ಕನ್ನಡ ಸಂಘದಲ್ಲಿ ಸಿಕ್ಕವರಿಗೆಲ್ಲ ಹಂಚಿದೆ. ಪೇಢೆ ಒಂದು ವಾರಕ್ಕೆ ಮುಗಿಯಿತು. ಕಾಯುವುದು ಶುರುವಾಯಿತು.

ಕಾಯುವುದಕ್ಕೂ ದುಡ್ಡು ಬೇಕು ಎನ್ನುವುದು ನನಗೆ ಆಗ ತಿಳಿಯಿತು. ನಾನು ಕನ್ನಡ ಬಿ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದಾಗ ನನ್ನ ಪದವಿಗೆ ಏನೂ ಖರ್ಚಿರಲಿಲ್ಲ. ಸರ್ಟಿಫಿಕೇಟು ಟ್ರಂಕಿನಲ್ಲಿ ತೆಪ್ಪಗೆ ಬಿದ್ದಿತ್ತು. ಪೈಲಟ್ ಲೈಸೆನ್ಸು ಹಾಗೆ ಬಿದ್ದಿರುವುದಿಲ್ಲ. ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು. ಮೀಟರು ನೋಡಿ ಹಾರುವ ಪರಿಣತಿಯನ್ನು ವರ್ಷಕ್ಕೊಮ್ಮೆ ಮತ್ತೆ ಹಾರಿ ತೋರಿಸಬೇಕು. ಇತ್ತೀಚೆಗೆ ಹಾರಿದ ತಾಸುಗಳು ಇಲ್ಲದಿದ್ದರೆ ಸಂದರ್ಶನಕ್ಕೂ ಕರೆಯುವುದಿಲ್ಲ. ಒಂದು ತಾಸು ಹಾರಲು ಅವನು ಕೊಡುತ್ತಿದ್ದದ್ದು ಹದಿನೈದು ಸಾವಿರದ ಹತ್ತಿರ. ಮನೆಯಲ್ಲಿ ಕೂತವನಿಗೆ ಊಟದ ಖರ್ಚಿಗಿಂತ ಹಾರಾಟದ ಖರ್ಚೇ ಜಾಸ್ತಿ.

ಹಾಗಾದರೆ ದೇಶದಲ್ಲಿ ಪೈಲಟ್‌ಗಳಿಗೆ ಬೇಡಿಕೆ ಇಲ್ಲವೆ? ಇದೆ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಆರ್ಡರು ಕೊಟ್ಟವು. ಪತ್ರಿಕೆಗಳಲ್ಲಿ ಸಾವಿರಾರು ಪೈಲಟ್‌ಗಳು ಬೇಕು ಎಂದು ಬಂತು. ಅದನ್ನು ಓದಿದ್ದು ನಮ್ಮ ಹುಡುಗನೊಬ್ಬನೇ ಅಲ್ಲ. 2020ರಲ್ಲಿ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಲೈಸೆನ್ಸುಗಳು 578. 2023ರಲ್ಲಿ 1,622. ಆರ್ಡರು ಕೊಟ್ಟ ವಿಮಾನ ನಾಳೆಯೇ ಬರುವುದಿಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಲೈಸೆನ್ಸ್ ಪಡೆದ ಹುಡುಗರು ಮಾತ್ರ ಅವತ್ತೇ ಬಾಗಿಲಲ್ಲಿ ನಿಂತಿರುತ್ತಾರೆ. ಈ ನಡುವೆ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿತು. ಅಲ್ಲಿನ ಅನುಭವಿಗಳೂ ಅದೇ ಸಾಲಿಗೆ ಬಂದು ನಿಂತರು. ಹಿಂದೆ 2012ರಲ್ಲಿ ಕಿಂಗ್‌ಫಿಷರ್ ನಿಂತಾಗ, 2019ರಲ್ಲಿ ಜೆಟ್ ನಿಂತಾಗ ಆದದ್ದೂ ಇದೇ.

2025ರ ಡಿಸೆಂಬರಿನ ಮೊದಲ ವಾರ ನಿಮಗೆ ನೆನಪಿರಬಹುದು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ ಬಂದಿತ್ತು, ವಾರದ ವಿರಾಮ 36 ತಾಸಿನಿಂದ 48ಕ್ಕೆ ಏರಿತ್ತು. ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ನಮ್ಮ ಲೋಹೆಗಾಂವ್‌ನಲ್ಲೂ ಜನ ಬ್ಯಾಗುಗಳ ಮೇಲೆ ಕುಳಿತಿದ್ದರು. ಅವತ್ತು ರಾತ್ರಿ ಹುಬ್ಬಳ್ಳಿಯಿಂದ ಕಾಕಾ ಫೋನ್ ಮಾಡಿದರು.

"ಏನವಾ, ಟೀವ್ಯಾಗ ನೋಡಿದರ ಪೈಲಟ್ ಇಲ್ಲ ಪೈಲಟ್ ಇಲ್ಲ ಅಂತ ಹೊಯ್ಕೊಳ್ಳಾಕತ್ತಾರ. ನಮ್ಮ ಮನ್ಯಾಗ ಪೈಲಟ್ ಖಾಲಿ ಕುಂತಾನ. ಇದೇನು ಲೆಕ್ಕ ಅಂತೀನಿ?"

ಹುಡುಗನೇ ಫೋನು ತೆಗೆದುಕೊಂಡು ವಿವರಿಸಿದ. "ಅಪ್ಪಾ, ಅವರಿಗೆ ಕಮ್ಮಿ ಬಿದ್ದಿದ್ದು ಕ್ಯಾಪ್ಟನ್ನು. ಆ ದೊಡ್ಡ ವಿಮಾನಾ ಹೊಡದ ಬರೋಬ್ಬರಿ ರೂಢಿ ಇದ್ದವರು. ನಾ ಹೊಡದದ್ದು ಒಂದ ಎಂಜಿನ್ನಿನ ಸಣ್ಣದು. ನನ್ನ ಇವತ್ತು ತಗೊಂಡ್ರೂ ಅದನ್ನ ಕಲಿಸಿ ಕೂಡಸ್ಲಿಕ್ಕೆ ತಿಂಗಳಗಟ್ಟಲೆ ಬೇಕು."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರ, ಟೆಂಪೋ ಲೈಸೆನ್ಸ್ ಅದ, ಬಸ್ಸಿನ ಬ್ಯಾಡ್ಜ್ ಇಲ್ಲ" ಎಂದರು. ನಾನು ಓದಿದ ಯಾವ ಲೇಖನವೂ ಇದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಆ ಬ್ಯಾಡ್ಜಿಗೆ ಟೈಪ್ ರೇಟಿಂಗ್ ಎನ್ನುತ್ತಾರೆ. ಏರ್‌ಬಸ್ 320 ಅಥವಾ ಬೋಯಿಂಗ್ 737 ಮಾದರಿಯ ಸಿಮ್ಯುಲೇಟರಿನಲ್ಲಿ ಕಲಿಯಬೇಕು, ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಅದನ್ನು ಮಾಡಿಸಿಕೊಂಡು ಕೂಡ ಕಾಯುತ್ತಿರುವವರು ಇದ್ದಾರೆ. ಮಾರಲು ಕಾಕಾನ ಬಳಿ ಇನ್ನೊಂದು ಸೈಟು ಇರಲಿಲ್ಲ.

ಆಗ ಹುಡುಗ ಹೇಳಿದ್ದು: "ಅಕ್ಕಾ, ನಾ ಕಲಸಾಂವ ಆಗ್ಬೇಕಂತ ಮಾಡೇನಿ."

ಅಮೆರಿಕದಲ್ಲಿ ಇದು ಹೊಸ ಮಾತೇನಲ್ಲ. 2009ರ ಫೆಬ್ರವರಿಯಲ್ಲಿ ಬಫೆಲೋ ಬಳಿ ಒಂದು ವಿಮಾನ ಬಿದ್ದು 50 ಜನ ಸತ್ತರು. ಅದಾದ ಮೇಲೆ ಅಲ್ಲಿ ಕಾನೂನು ಬಂತು, 2013ರಿಂದ ಏರ್‌ಲೈನಿಗೆ ಸೇರಲು ಸಾಮಾನ್ಯವಾಗಿ 1,500 ತಾಸು ಬೇಕು. (ಆ ವಿಮಾನದ ಇಬ್ಬರೂ ಪೈಲಟ್‌ಗಳಿಗೆ ಅದಕ್ಕಿಂತ ಹೆಚ್ಚಿನ ತಾಸುಗಳೇ ಇದ್ದವು. ಕಾನೂನುಗಳು ಹಾಗೆಯೇ.) ಅಷ್ಟು ತಾಸು ಸ್ವಂತ ದುಡ್ಡಿನಿಂದ ಹಾರಲು ಯಾರಿಗಾದೀತು? ಹಾಗಾಗಿ ಅಲ್ಲಿ ಲೈಸೆನ್ಸ್ ಬಂದ ಹುಡುಗರಲ್ಲಿ ಬಹಳ ಮಂದಿ ಮೊದಲು ಬೋಧಕರಾಗುತ್ತಾರೆ. ನಮ್ಮಲ್ಲಿ 200 ತಾಸಿನವನು ಅದೃಷ್ಟವಿದ್ದರೆ ನೇರವಾಗಿ ದೊಡ್ಡ ವಿಮಾನಕ್ಕೆ ಹೋಗಬಹುದು. ಅದರಿಂದ ಕಲಿಸುವುದು ದಾರಿಯ ಮೇಲಿನ ಊರಾಗಲೇ ಇಲ್ಲ, ಅಡ್ಡದಾರಿಯ ಊರಾಯಿತು. ಶಾಲೆಗಳು ಬಹಳಮಟ್ಟಿಗೆ ನಿಂತದ್ದು ವಾಯುಸೇನೆಯಿಂದ ನಿವೃತ್ತರಾಗಿ ಬಂದವರ ಮೇಲೆ. ಸೇನೆಗೆ ಬೋಧಕರನ್ನು ತಯಾರು ಮಾಡುವುದಕ್ಕೇ ಒಂದು ಶಾಲೆ ಇದೆ, 1954ರಿಂದ ಚೆನ್ನೈ ಬಳಿಯ ತಾಂಬರಂನಲ್ಲಿ. ನಮ್ಮ ಬೀದರಿನ ವಾಯುನೆಲೆಯಲ್ಲಿ 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ಕಸರತ್ತು ನೋಡಿದ್ದೀರಲ್ಲ? ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವ ಆ ಪೈಲಟ್‌ಗಳಲ್ಲಿ ಹೆಚ್ಚಿನವರು ತರಬೇತಾದ ಬೋಧಕರು. ನಾವು ಚಪ್ಪಾಳೆ ತಟ್ಟುವುದು ಮೇಷ್ಟರುಗಳಿಗೇ.

ಕರ್ನಾಟಕಕ್ಕೂ ಈ ಮೇಷ್ಟರುಗಳಿಗೂ ಹಳೆಯ ನಂಟು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾದದ್ದು 1940ರ ದಶಕದ ಕೊನೆಗೆ, ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ. ಕ್ಯಾಪ್ಟನ್ ವಿ. ಸುಂದರಂ ಮದರಾಸಿನಲ್ಲಿ ಹಾರಾಟ ಕಲಿಸುತ್ತಿದ್ದವರು. ಅವರ ಪತ್ನಿ ಉಷಾ ಸುಂದರಂ 1949ರಲ್ಲಿ ಜಕ್ಕೂರಿನ ಶಾಲೆಯಿಂದ ತರಬೇತಿ ಮುಗಿಸಿ ಬಂದರು. 1951ರಲ್ಲಿ ಗಂಡ ಹೆಂಡತಿ ಸೇರಿ ಡವ್ ಎಂಬ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ತಾಸಿನಲ್ಲಿ ಹಾರಿಸಿ ತಂದರು. ಜೀಪಿಎಸ್ ಇಲ್ಲದ ಕಾಲ. ಅದೇ ವರ್ಷ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆಯವರ ಮಾರ್ಗದರ್ಶನದಲ್ಲಿ ತಯಾರಾದ ಎಚ್‌ಟಿ-2 ಹಾರಿತು. ದೇಶದಲ್ಲೇ ವಿನ್ಯಾಸಗೊಂಡ ಆ ವಿಮಾನ ಯುದ್ಧದ್ದಲ್ಲ, ಪ್ರಯಾಣದ್ದೂ ಅಲ್ಲ, ಪಾಠದ ವಿಮಾನ. ನಮ್ಮ ಪುಣೆಯೇನೂ ಕಡಿಮೆಯಲ್ಲ. ಹಡಪಸರದ ಗ್ಲೈಡಿಂಗ್ ಕೇಂದ್ರದಲ್ಲಿ ಎಂಜಿನ್ನೇ ಇಲ್ಲದ ವಿಮಾನವನ್ನು ಹಗ್ಗದಿಂದ ಎಳೆದು ಮೇಲಕ್ಕೆ ಚಿಮ್ಮಿಸಿ ಎಷ್ಟು ಜನಕ್ಕೆ ಗಾಳಿಯ ಪಾಠ ಹೇಳಿಕೊಟ್ಟಿದ್ದಾರೋ.

ಇರಲಿ, ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಬೋಧಕನಾಗಲು ಮೊದಲ ಮೆಟ್ಟಿಲು ಸಹಾಯಕ ಬೋಧಕನ ರೇಟಿಂಗ್. ಸಹಾಯಕ ಬೋಧಕ ಸ್ವತಂತ್ರನಲ್ಲ, ಪೂರ್ಣ ಬೋಧಕರ ಕಣ್ಗಾವಲಿನಲ್ಲಿ ಕಲಿಸಬೇಕು. ಒಬ್ಬ ವಿದ್ಯಾರ್ಥಿಯನ್ನು ಮೊಟ್ಟಮೊದಲ ಬಾರಿಗೆ ಒಬ್ಬನೇ ಹಾರಲು ಕಳಿಸುವ ಅಧಿಕಾರ ಅವನಿಗಿಲ್ಲ. ಆ ರೇಟಿಂಗಿಗೂ ಪಾಠ, ಪರೀಕ್ಷೆ, ಹಾರಾಟ, ಶುಲ್ಕ ಎಲ್ಲ ಇವೆ. ಕಾಕೂ ತನ್ನ ಪಾಟ್ಲಿ ಬಿಚ್ಚಿ ಕೊಟ್ಟಳು. ಅದನ್ನು ಕಾಕಾನಿಗೆ ಹೇಳಬೇಡ ಎಂದಳು. ಈಗ ರೇಡಿಯೋದಲ್ಲಿ ಹೇಳುತ್ತಿದ್ದೇನೆ. ಕಾಕಾನಿಗೆ ಗೊತ್ತಾಗಿ ಬಹಳ ದಿನವಾಯಿತು.

ಕೋರ್ಸಿಗೆ ಸೇರುವ ಮೊದಲು ಅವನು ಶಾಲೆಗಳಿಗೆ ಪತ್ರ ಬರೆದ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿ, ಜಳಗಾಂವ್, ಖಜುರಾಹೋ, ಲೀಲಾಬರಿಗಳಲ್ಲಿ ಹೊಸ ಶಾಲೆಗಳಿಗೆ ಜಾಗ ಕೊಟ್ಟಿದ್ದು ಅವನಿಗೆ ಗೊತ್ತಿತ್ತು. ಗೋಂದಿಯಾ ಇದೆ, ಉತ್ತರ ಪ್ರದೇಶದ ಫುರ್ಸತ್‌ಗಂಜ್ ಇದೆ. ಬೋಧಕರು ಬೇಕು ಎನ್ನುವವರು ಬಹಳ. ಆದರೆ ಎಲ್ಲರಿಗೂ ಬೇಕಾದದ್ದು ಸಾವಿರಾರು ತಾಸಿನವರು. ಒಂದು ಶಾಲೆಯವರು, ಹೆಸರು ಬೇಡ, ಒಂದು ವರ್ಷ ಸಂಬಳವಿಲ್ಲದೆ ದುಡಿ, ತಾಸು ಸಿಗುತ್ತದಲ್ಲ ಎಂದರು. ಇನ್ನೊಬ್ಬರು ಮೂರು ವರ್ಷದ ಬಾಂಡ್ ಬರೆದುಕೊಡು ಎಂದರು. ಬಾಂಡ್ ಕೇಳುವವರ ಕಷ್ಟವೂ ನನಗೆ ಅರ್ಥವಾಗುತ್ತದೆ. ತಾಸು ತುಂಬಿದ ಕೂಡಲೆ ಏರ್‌ಲೈನಿಗೆ ಹಾರಿಹೋಗುವವರಿಂದ ಅವರೂ ಬೆಂದಿದ್ದಾರೆ. ಮೊದಲಿನವರದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬ್ಯಾಂಕಿನವರು ಕಂತಿನ ಬದಲು ತಾಸು ತಗೊಳ್ಳುತ್ತಾರೆಯೆ?

ರೇಟಿಂಗಿನ ತಯಾರಿಯಲ್ಲಿ ಅವನು ಎಡವಿದ್ದು ಹಾರಾಟದಲ್ಲಲ್ಲ, ಮಾತಿನಲ್ಲಿ. ಬೋಧಕ ವಿಮಾನ ಹಾರಿಸುತ್ತಲೇ, ಕೈ ಏನು ಮಾಡುತ್ತಿದೆಯೋ ಅದನ್ನು ಅದೇ ಕ್ಷಣಕ್ಕೆ ಬಾಯಲ್ಲಿ ಹೇಳಬೇಕು. ಅದಕ್ಕೆ ಪ್ಯಾಟರ್ ಎನ್ನುತ್ತಾರೆ. ಕೈ ಮುಂದೆ ಹೋಗಿ ಮಾತು ಹಿಂದೆ ಉಳಿದರೆ ವಿದ್ಯಾರ್ಥಿಗೆ ಏನೂ ತಿಳಿಯದು. ಮಾತು ಮುಂದೆ ಹೋಗಿ ಕೈ ಹಿಂದೆ ಉಳಿದರೆ ಇನ್ನೂ ಕಷ್ಟ. ನಮ್ಮ ಹುಡುಗ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಬರುತ್ತದೆ, ಆದರೆ ಮನಸ್ಸಿನಲ್ಲಿ ಒಮ್ಮೆ ಹೊರಳಿಸಿ ಹೇಳುತ್ತಾನೆ. ನೆಲ ನೂರಡಿ ಕೆಳಗಿರುವಾಗ ಹೊರಳಿಸಲು ಪುರುಸೊತ್ತಿಲ್ಲ. ಅವನಿಗೆ ಕಲಿಸುತ್ತಿದ್ದ ಹಿರಿಯರು, "ನೀನು ಹಾರಿಸುವುದು ಚೆನ್ನಾಗಿದೆ, ಆದರೆ ನಿನ್ನ ಮಾತು ಕೇಳುತ್ತಾ ಯಾರೂ ಇಳಿಯಲಾರರು" ಎಂದರಂತೆ. ಮುಖ ಬಾಡಿಸಿಕೊಂಡು ನಮ್ಮ ಮನೆಗೆ ಬಂದ.

ಅಲ್ಲಿ ನೋಡಿ, ಮೊದಲ ಬಾರಿಗೆ ನನ್ನ ವಿದ್ಯೆ ಅವನ ವಿದ್ಯೆಗೆ ಉಪಯೋಗಕ್ಕೆ ಬಂತು. ಅಡುಗೆಮನೆಯಲ್ಲಿ ಎರಡು ಕುರ್ಚಿ ಒತ್ತೊತ್ತಾಗಿ ಹಾಕಿದೆವು. ಎಡಗಡೆ ನಾನು, ವಿದ್ಯಾರ್ಥಿ. ಬಲಗಡೆ ಅವನು. ವಿಮಾನದಲ್ಲಿ ಗುರುವಿನ ಜಾಗ ಬಲಗಡೆಯೇ. ಸ್ಟೇರಿಂಗಿನ ಬದಲು ಒಂದು ಊಟದ ತಾಟು. ಅವನು ತಾಟು ಹಿಡಿದು ವಿಮಾನ ಇಳಿಸುತ್ತಾ ಮಾತಾಡುತ್ತಿದ್ದ, ನಾನು ಗಡಿಯಾರ ಹಿಡಿದು ಕೇಳುತ್ತಿದ್ದೆ. ಮೊದಲ ದಿನ ಅವನ ಮಾತು ಕ್ರಿಕೆಟ್ ಕಾಮೆಂಟರಿಯಂತಿತ್ತು, ಉಸಿರಿಗೂ ಬಿಡುವಿಲ್ಲ.

"ಅರ್ಧಾ ತಗಿ" ಎಂದೆ.

"ಅರ್ಧಾ ತಗದ್ರ ವಿಷಯ ಹೋಗ್ತದಲ್ಲಕ್ಕಾ."

"ಹೋಗಂಗಿಲ್ಲ. ಒಂದು ಮಾತು ಹೇಳು, ಸುಮ್ಮನಾಗು. ಕೇಳಾಂವ ನೋಡ್ಬೇಕು, ಆಮ್ಯಾಲೆ ಮುಂದಿಂದು."

ನಾನು ಹೊಸದಾಗಿ ಮೈಕಿನ ಮುಂದೆ ಕೂತಾಗ ನನಗೆ ಕಲಿಸಿದ ಹಿರಿಯ ಉದ್ಘೋಷಕಿ ಇದನ್ನೇ ಹೇಳಿದ್ದರು. ಗಾಜಿನ ಆಚೆ ಕುಳಿತು, ನಾನು ತಪ್ಪಿದರೆ ಎಳೆಯಲೆಂದು ಫೇಡರಿನ ಮೇಲೆ ಬೆರಳಿಟ್ಟುಕೊಂಡಿರುತ್ತಿದ್ದರು. ಆ ಬೆರಳು ಕಾಣುತ್ತಿದ್ದಷ್ಟು ದಿನ ನಾನು ತಪ್ಪುತ್ತಲೇ ಇದ್ದೆ. ಒಂದು ದಿನ ಅವರು ಕೈ ತೆಗೆದು ಚಹಾದ ಲೋಟ ಹಿಡಿದರು. ಅದನ್ನು ಹುಡುಗನಿಗೆ ಹೇಳಿದಾಗ ಅವನು, "ಅಕ್ಕಾ, ನಮ್ಮಲ್ಲೂ ಅಷ್ಟ. ಕೈ ಸ್ಟೇರಿಂಗಿನ ಹತ್ರ ಇರ್ಬೇಕು, ಮ್ಯಾಲ ಇರ್ಬಾರದು" ಎಂದ. ವಿಮಾನ ಯಾರ ಕೈಯಲ್ಲಿದೆ ಎಂಬುದರಲ್ಲಿ ಗೊಂದಲ ಆಗಬಾರದೆಂದು ಅವರಲ್ಲಿ ಕಟ್ಟುನಿಟ್ಟಿನ ಮಾತಿದೆ. ಗುರು "ಐ ಹ್ಯಾವ್ ಕಂಟ್ರೋಲ್" ಎಂದರೆ ಶಿಷ್ಯ "ಯೂ ಹ್ಯಾವ್ ಕಂಟ್ರೋಲ್" ಎಂದು ಕೈ ಬಿಡಬೇಕು. ಗುರು ಅದನ್ನು ಬೇಗ ಹೇಳಿದರೆ ಶಿಷ್ಯ ಕಲಿಯುವುದಿಲ್ಲ, ತಡವಾಗಿ ಹೇಳಿದರೆ ಇಬ್ಬರೂ ಉಳಿಯುವುದಿಲ್ಲ. ನಡುವೆ ಇರುವುದು ಎರಡೋ ಮೂರೋ ಸೆಕೆಂಡು.

ಮೂರು ವಾರ ಹೀಗೆ ನಡೆಯಿತು. ನಮ್ಮ ಯಜಮಾನರು ಆಫೀಸಿನಿಂದ ಬಂದು, ಕುಕ್ಕರ್ ಸೀಟಿ ಹೊಡೆಯುತ್ತಿದ್ದರೂ ಇಳಿಯದ ವಿಮಾನ ನೋಡಿ, ಹೊರಗೆ ಹೋಗಿ ಮಿಸಳ್ ತಿಂದು ಬರುತ್ತಿದ್ದರು.

ಆ ದಿನಗಳಲ್ಲೇ ಕಾಕಾ ಬಂದರು. ಮಾತಾಡದೆ ಬಾಗಿಲಲ್ಲಿ ನಿಂತು ನಮ್ಮ ನಾಟಕ ನೋಡಿದರು. ಅವರಿಗೆ ಈ ಕಲಿಸುವ ಕೆಲಸ ಇಷ್ಟವಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ದುಡ್ಡಿನ ಕಾರಣವಲ್ಲ, ಹೆದರಿಕೆ. 2022ರ ಜುಲೈ 25ರಂದು ಇಂದಾಪುರ ತಾಲೂಕಿನ ಕಡಬನವಾಡಿಯ ಹೊಲದಲ್ಲಿ ಒಂದು ತರಬೇತಿ ವಿಮಾನ ಬಿತ್ತು. ಒಬ್ಬಳೇ ಹಾರುತ್ತಿದ್ದ 22 ವರ್ಷದ ಹುಡುಗಿ ಗಾಯಗಳೊಂದಿಗೆ ಉಳಿದಳು. 2023ರ ಅಕ್ಟೋಬರಿನಲ್ಲಿ ಬಾರಾಮತಿಯ ಸುತ್ತ ಒಂದೇ ವಾರದಲ್ಲಿ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದವು. ಆಗ ಹುಡುಗ ಅಲ್ಲೇ ಕಲಿಯುತ್ತಿದ್ದ. ಟೀವಿಯಲ್ಲಿ ನೋಡಿದ ಕಾಕಾ ರಾತ್ರಿ ಬಸ್ಸಿಗೆ ಬಂದು ಅವನನ್ನು ಕಣ್ಣಲ್ಲಿ ನೋಡಿಯೇ ಮರಳಿದ್ದರು. ತಾನು ಹಾರುವುದು ಒಂದು, ಬಾರದವರ ಕೈಗೆ ವಿಮಾನ ಕೊಟ್ಟು ಪಕ್ಕದಲ್ಲಿ ಕೂರುವುದು ಇನ್ನೊಂದು ಎನ್ನುವುದು ಅವರ ವಾದ.

ಅವತ್ತು ಊಟವಾದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿನ್ನ ಕಡೆನೂ ಬ್ರೇಕ್ ಅದಾವೇನು?"

"ಅದಾವ ಅಪ್ಪಾ. ಬ್ರೇಕು, ಸ್ಟೇರಿಂಗು ಎಲ್ಲಾ ಎರಡೂ ಕಡೆ."

"ಚೊಲೋ ಆತು." ಸ್ವಲ್ಪ ತಡೆದು ಕಾಕಾ ಹೇಳಿದರು: "ಕಡೀ ಕಡೀಗೆ ನಾನೂ ಹೊಸಾ ಹುಡುಗರನ್ನ ರೂಟಿಗೆ ತಯಾರು ಮಾಡೇನಿ. ನನ್ನ ಕಡೆ ಬ್ರೇಕ್ ಇರ್ಲಿಲ್ಲ. ಬಾಯಷ್ಟ ಇತ್ತು."

ನಮ್ಮಿಬ್ಬರಿಗೂ ಇದು ಗೊತ್ತೇ ಇರಲಿಲ್ಲ. ಕಾಕಾ ಕಲಿಸಿದವರು ಎನ್ನುವುದನ್ನು ಅವರು ಯಾವತ್ತೂ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಅವತ್ತು ರಾತ್ರಿ ಹನ್ನೊಂದರವರೆಗೆ ಅವರು ಹೇಳಿದರು. ಘಟ್ಟದ ತಿರುವಿನಲ್ಲಿ ಹೊಸಬನಿಗೆ ಕೂಗಿ ಹೇಳಬಾರದು, ಕೂಗಿದರೆ ಅವನು ನಿಮ್ಮ ಕಡೆ ನೋಡುತ್ತಾನೆ, ದಾರಿ ನೋಡುವುದಿಲ್ಲ. ತಪ್ಪು ಮಾಡಿದ ಕೂಡಲೆ ಹೇಳಬಾರದು, ಮುಂದಿನ ಸ್ಟಾಪಿನಲ್ಲಿ ಗಾಡಿ ನಿಂತಮೇಲೆ ಹೇಳಬೇಕು. ಹುಡುಗ ಪುಸ್ತಕ ತೆಗೆದು ಬರೆದುಕೊಂಡ. ಕಾಕಾ ಅದನ್ನು ನೋಡಿಯೂ ನೋಡದವರಂತೆ ಎಲೆ ಅಡಿಕೆ ಹಾಕಿಕೊಂಡರು.

ರೇಟಿಂಗ್ ಈಗ ಬಂದಿದೆ. ಒಂದು ಶಾಲೆಯಿಂದ ಕರೆಯೂ ಬಂದಿದೆ. ಸಂಬಳ ಬ್ಯಾಂಕಿನ ಕಂತಿಗೆ ಸ್ವಲ್ಪ ಕಡಿಮೆ. ಉಳಿದದ್ದನ್ನು ಕಾಕಾನ ಪಿಂಚಣಿಯಿಂದ, ಒಂದಿಷ್ಟು ನಮ್ಮಿಂದ ತುಂಬುವುದು ಎಂದಾಗಿದೆ. ಬಾಂಡ್ ಒಂದು ವರ್ಷದ್ದು. ತಿಂಗಳಿಗೆ ಎಷ್ಟು ತಾಸು ಸಿಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿದ್ದಾನೆ, ಇನ್ನೂ ಉತ್ತರ ಬಂದಿಲ್ಲ. ಬಂದರೆ ಮುಂದಿನ ತಿಂಗಳು ಹೊರಡುತ್ತಾನೆ. ಏರ್‌ಲೈನಿನ ಅರ್ಜಿಗಳೂ ಹಾಗೇ ಇವೆ. ಕರೆ ಬಂದರೆ ಏನು ಮಾಡುತ್ತೀ ಎಂದು ಕೇಳಿದೆ. "ಹೋಗ್ತೇನಕ್ಕಾ, ಸುಳ್ಳ ಯಾಕ ಹೇಳ್ಲಿ. ಆದ್ರ ಕೈಯಾಗಿನ ಹುಡುಗ್ರು ಸೋಲೋ ಆಗೂತನಕಾ ಬಿಡಂಗಿಲ್ಲ" ಎಂದ. ತಾನು ನಡುವೆ ನಿಂತ ದಿನಗಳು ಅವನಿಗೆ ನೆನಪಿವೆ.

ಚಿಂಚವಾಡದ ಅಮ್ಮಾ, ಈಗ ನಿಮ್ಮ ಪ್ರಶ್ನೆ. ಕೆಲಸ ಗ್ಯಾರಂಟಿಯೇ? ಇಲ್ಲ. ಗ್ಯಾರಂಟಿ ಎಂದು ಹೇಳಿ ಫೀ ಕಟ್ಟಿಸಿಕೊಳ್ಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಸೇರಿಸಬಹುದೇ ಎಂದರೆ, ದುಡ್ಡು ಕಟ್ಟುವ ಮೊದಲು ಮಗನ ವೈದ್ಯಕೀಯ ಪರೀಕ್ಷೆ ಮಾಡಿಸಿ. ಮೊದಲು ಎರಡನೇ ದರ್ಜೆಯದು, ಆಮೇಲೆ ಮೊದಲನೇ ದರ್ಜೆಯದು. ನಮ್ಮ ಹುಡುಗ ಅದಕ್ಕಾಗಿ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋಗಿದ್ದ. ಕಣ್ಣಿನದೋ ಕಿವಿಯದೋ ತೊಂದರೆ ಕೋರ್ಸಿನ ನಡುವೆ ಗೊತ್ತಾದರೆ ಕಟ್ಟಿದ್ದು ವಾಪಸು ಬರುವುದಿಲ್ಲ. ಶಾಲೆ ನೋಡಲು ಹೋದಾಗ ಎಷ್ಟು ವಿಮಾನ ಇವೆ ಎಂದು ಕೇಳಬೇಡಿ, ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟಿವೆ ಎಂದು ಕೇಳಿ. ವಿದ್ಯಾರ್ಥಿಗಳೆಷ್ಟು, ಬೋಧಕರೆಷ್ಟು, ಹೋದ ವರ್ಷ ಸೇರಿದವರು ಇವತ್ತಿಗೆ ಎಷ್ಟು ತಾಸು ಹಾರಿದ್ದಾರೆ ಎಂದು ಕೇಳಿ. ಆಫೀಸಿನಲ್ಲಿ ಕೇಳಿದ ಮೇಲೆ ಹೊರಗೆ ಬಂದು ವಡಾಪಾವ್ ಗಾಡಿಯ ಬಳಿ ನಿಂತ ಹುಡುಗರನ್ನೂ ಕೇಳಿ. ಎರಡು ಉತ್ತರ ಒಂದೇ ಆಗಿದ್ದರೆ ಒಳ್ಳೆಯದು. ಪೂರ್ತಿ ಹಣ ಒಂದೇ ಸಲ ಕಟ್ಟಬೇಡಿ. ಕೈಯಲ್ಲಿ ಒಂದು ಪದವಿ ಇರಲಿ, ಬೇಕಾದರೆ ಅಂಚೆ ಮೂಲಕವೇ. ಕನ್ನಡ ಬಿ.ಎ. ಆದರೂ ಪರವಾಗಿಲ್ಲ, ನನಗೆ ಊಟ ಹಾಕುತ್ತಿದೆ.

ಮಗನನ್ನು ಕರೆದುಕೊಂಡು ಒಮ್ಮೆ ನಮ್ಮ ಮನೆಗೆ ಬನ್ನಿ, ತಮ್ಮ ಹೊರಡುವ ಮೊದಲು. ನಿಲಯಕ್ಕೆ ಫೋನ್ ಮಾಡಿದರೆ ವಿಳಾಸ ಕೊಡುತ್ತೇನೆ. ಎರಡು ಕುರ್ಚಿ ಇನ್ನೂ ಅಡುಗೆಮನೆಯಲ್ಲೇ ಇವೆ. ಎಡಗಡೆಯದರಲ್ಲಿ ಅವನನ್ನು ಕೂರಿಸೋಣ.